ಹಾಲಿನ ಪ್ಯಾಕೆಟ್ ತರುವ ಕೆಲಸವೂ ಕೈತಪ್ಪಿದ ಮೇಲೆ

ಪ್ರಶ್ನೆ: ನನಗೆ 68 ವರ್ಷ. ಕೆಇಬಿಯಲ್ಲಿ ಲೈನ್‌ಮನ್ ಆಗಿ 34 ವರ್ಷ ದುಡಿದು 60ಕ್ಕೆ ರಿಟೈರ್ ಆದೆ. ನಮ್ಮದು ತಿಪಟೂರು ಕಡೆ ಹಳ್ಳಿ. ಎರಡು ವರ್ಷದ ಹಿಂದೆ ಹೆಂಡತಿ ತೀರಿಕೊಂಡಳು. ಆಮೇಲೆ ಮಗ ಬೆಂಗಳೂರಿಗೆ ಕರೆದುಕೊಂಡು ಬಂದ. ಮನೆ 11ನೇ ಮಹಡಿ. ಮಗ, ಸೊಸೆ ಇಬ್ಬರೂ ಒಳ್ಳೆಯವರು, ಒಂದು ಮಾತು ಅಂದವರಲ್ಲ. ಆದರೆ ಯಾವ ಕೆಲಸಕ್ಕೆ ಕೈ ಹಾಕಿದರೂ ‘ನೀವು ಆರಾಮಾಗಿರಿ ಅಪ್ಪಾ’ ಅಂತಾರೆ. ಬೆಳಿಗ್ಗೆ ಹಾಲು ತರೋದೊಂದು ನನ್ನ ಕೆಲಸವಾಗಿತ್ತು. ಮೂರು ತಿಂಗಳ ಹಿಂದೆ ಅದನ್ನೂ ಆ್ಯಪ್‌ಗೆ ಹಾಕಿದರು. ಈಗ ಬಾಗಿಲಿಗೇ ಚೀಲದಲ್ಲಿ ಬರುತ್ತೆ. ಅವತ್ತಿಂದ ಏನೋ ಆಗಿದೆ. ಮೂರೂವರೆಗೆ ಎಚ್ಚರ ಆಗುತ್ತೆ, ಊಟ ಸೇರಲ್ಲ. ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಳ್ಳೋದಾ ಅಂತ ನನಗೇ ನಾಚಿಕೆ. ಮಗ ಸಾಲುಮರದ ತಿಮ್ಮಕ್ಕನ ವಿಡಿಯೋ ಕಳಿಸಿ ‘ನೀವೂ ಸಮಾಜಕ್ಕೆ ಏನಾದರೂ ಮಾಡಿ’ ಅಂತಾನೆ. ನನ್ನಿಂದ ಅಂಥದ್ದೆಲ್ಲ ಆಗೋದಿಲ್ಲ. ಒಂಬತ್ತು ವರ್ಷದ ಮೊಮ್ಮಗಳಿಗೂ ಟ್ಯೂಷನ್ನು, ಡ್ಯಾನ್ಸು ಅಂತ ಬಿಡುವಿಲ್ಲ. ನಾನು ಯಾರಿಗೆ ಬೇಕಾಗಿದ್ದೇನೆ? ಇದು ಖಿನ್ನತೆಯಾ? ಮಾತ್ರೆ ತಗೋಬೇಕಾ? — ಒಬ್ಬ ಓದುಗರು, ಬೆಂಗಳೂರು

ಉತ್ತರ:

ಸರ್, ನಿಮ್ಮ ಪತ್ರ ಓದುವಾಗ ಹಾಲಿನ ವಿಷಯ ಬಂದ ಕಡೆ ನಾನು ನಿಂತುಬಿಟ್ಟೆ. ಮಧ್ಯರಾತ್ರಿ ಫೋನು ಬರುವುದು, ಮಳೆಯಲ್ಲಿ ಕಂಬ ಹತ್ತುವುದು, ಇದೆಲ್ಲ ಎಂಟು ವರ್ಷದ ಹಿಂದೆಯೇ ಮುಗಿಯಿತು, ತಡೆದುಕೊಂಡಿರಿ. ಹೆಂಡತಿ ಹೋದರು, ಅದನ್ನೂ ಹೇಗೋ ನುಂಗಿಕೊಂಡಿರಿ. ಎರಡು ಪ್ಯಾಕೆಟ್ ಹಾಲು ತರುವ ಕೆಲಸ ಹೋದಾಗ ಮಾತ್ರ ಕಾಲು ಕುಸಿಯಿತು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇಪ್ಪತ್ತು ವರ್ಷದಿಂದ ವಯಸ್ಸಾದವರ ಜೊತೆ ಕೂತು ಮಾತಾಡುವುದೇ ನನ್ನ ವೃತ್ತಿ. ಪೆನ್ಷನ್ ಸಾಲುತ್ತಿಲ್ಲ ಅಂತ ಅತ್ತವರಿಗಿಂತ ಇಂಥ ಚಿಕ್ಕ ಕೆಲಸ ಕೈತಪ್ಪಿತು ಅಂತ ಅತ್ತವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಅವರೂ ನಿಮ್ಮ ಹಾಗೇ ‘ಸಣ್ಣ ವಿಷಯ ಮೇಡಂ’ ಅಂತಲೇ ಶುರು ಮಾಡುತ್ತಾರೆ.

ಮೊದಲು ಖಿನ್ನತೆಯ ಮಾತು ಮುಗಿಸಿಬಿಡೋಣ. ಕಂಬ ಹತ್ತುವ ಮುಂಚೆ ನೀವು ಸ್ಟೇಷನ್‌ನಿಂದ ಲೈನ್ ಕ್ಲಿಯರ್, ಅಂದರೆ ಆ ಲೈನಿನಲ್ಲಿ ಕರೆಂಟ್ ತೆಗೆದಿದ್ದಾರೆ ಅನ್ನುವ ಖಾತ್ರಿ, ತಗೋತಿದ್ದಿರಲ್ವಾ, ಇದೂ ಹಾಗೆಯೇ. ನಾನು ಮುಂದೆ ಹೇಳುವ ಯಾವುದನ್ನೇ ಮಾಡುವ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ಮೂರೂವರೆಗೆ ಎಚ್ಚರವಾಗುವುದು, ಊಟ ಸೇರದಿರುವುದು, ಇವೆರಡೂ ಖಿನ್ನತೆಯ ಲಕ್ಷಣ ಇರಬಹುದು. ಎಂಟೂವರೆಗೇ ಮಲಗುತ್ತಿದ್ದರೆ ಮೂರೂವರೆಗೆ ನಿದ್ದೆ ಮುಗಿದಿದ್ದರೂ ಮುಗಿದಿರಬಹುದು. ನಾನು ಸಾಮಾನ್ಯವಾಗಿ ಕೇಳುವುದು ಇಷ್ಟು. ಮೊಮ್ಮಗಳು ಪಕ್ಕದಲ್ಲಿ ಬಂದು ಕೂತರೆ ಈಗಲೂ ಮನಸ್ಸು ಹಗುರಾಗುತ್ತಾ? ಇಷ್ಟದ ತಿಂಡಿ ಮಾಡಿದ ದಿನ ಎರಡು ತುತ್ತು ಜಾಸ್ತಿ ಹೋಗುತ್ತಾ? ಹೌದು ಅಂದರೆ ಸ್ವಲ್ಪ ಸಮಾಧಾನ. ಯಾವುದೂ ಬೇಡ, ಯಾರೂ ಬೇಡ ಅನ್ನುವುದು ಎರಡು ವಾರ ದಾಟಿ ದಿನಾ ಇದ್ದರೆ ಅದು ಬರೀ ಬೇಜಾರಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ವಯಸ್ಸಾದವರಲ್ಲಿ ಖಿನ್ನತೆ ಅಳುವಾಗಿಯೇ ಬರಬೇಕು ಅಂತೇನಿಲ್ಲ. ಮೈಕೈ ನೋವು, ಸುಸ್ತು, ಮರೆವು ಅಂತಲೂ ಬರುತ್ತದೆ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ತಗೊಳ್ಳುತ್ತಿದ್ದರೆ ಬಿ12 ಇಳಿದಿರುವ ಸಾಧ್ಯತೆ ಜಾಸ್ತಿ, ಬಿ12 ಇಳಿದರೆ ಮನಸ್ಸೂ ಇಳಿಯುತ್ತದೆ. ಕಿವಿಯನ್ನೂ ತೋರಿಸಿ. ‘ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡಲ್ಲ’ ಅಂತ ಬಂದ ಎಷ್ಟೋ ಜನರಿಗೆ ಮಾತು ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ, ಅಷ್ಟೆ. ಮಾತ್ರೆ ಬೇಕಾ ಅನ್ನುವುದನ್ನು ಡಾಕ್ಟರೇ ಹೇಳಬೇಕು, ನಾನು ಮಾತ್ರೆ ಬರೆಯುವವಳಲ್ಲ. ಒಂದು ವೇಳೆ ಬರೆದುಕೊಟ್ಟರೆ ಹೆದರಬೇಡಿ, ಕೆಲಸ ಮಾಡೋಕೆ ಕೆಲವು ವಾರ ಹಿಡಿಯುತ್ತದೆ. ಈ ವಯಸ್ಸಿನಲ್ಲಿ ಕೆಲವರಿಗೆ ಆ ಮಾತ್ರೆಗಳಿಂದ ಸೋಡಿಯಂ ಕಡಿಮೆಯಾಗುತ್ತದೆ, ಅದಕ್ಕೆ ರಕ್ತಪರೀಕ್ಷೆ ಬಗ್ಗೆ ಕೇಳಿ. ಮೆಡಿಕಲ್ ಶಾಪಿನಿಂದ ನೀವಾಗಿಯೇ ನಿದ್ದೆ ಮಾತ್ರೆ ಮಾತ್ರ ತರಬೇಡಿ. ರಾತ್ರಿ ಬಾತ್‌ರೂಮಿಗೆ ಎದ್ದಾಗ ಬಿದ್ದು ಸೊಂಟ ಮುರಿದುಕೊಂಡ ಕಥೆಗಳಿಗೆ ಲೆಕ್ಕವಿಲ್ಲ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಅವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೀವಿರುವ ಊರಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ಹಿರಿಯರಿಗೇ ಅಂತ ಕ್ಲಿನಿಕ್ ಇದೆ.

ಈಗ ತಿಮ್ಮಕ್ಕನ ವಿಡಿಯೋಗೆ ಬರೋಣ. ನಿಮ್ಮ ಮಗನ ಮನಸ್ಸು ಒಳ್ಳೆಯದು, ಆದರೆ ಉದಾಹರಣೆ ಹೊಂದಲಿಲ್ಲ. ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಆ ಗಂಡ ಹೆಂಡತಿ ಸಸಿ ನೆಟ್ಟಿದ್ದು ರಿಟೈರ್ ಆಗಿ ಹೊತ್ತು ಹೋಗದೆ ಅಲ್ಲ. ಮಕ್ಕಳಿಲ್ಲದ, ಕೂಲಿ ಮಾಡುತ್ತಿದ್ದ ದಂಪತಿ ಕೊಡದಲ್ಲಿ ನೀರು ಹೊತ್ತು, ಕುರಿ ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿ ಬೆಳೆಸಿದ ಗಿಡಗಳು ಅವು. 385 ಆಲದ ಮರ ಅನ್ನುವ ಲೆಕ್ಕ, ಪದ್ಮಶ್ರೀ, ಕ್ಯಾಮೆರಾ ಎಲ್ಲ ಬಂದಿದ್ದು ಬಹಳ ವರ್ಷ ಕಳೆದ ಮೇಲೆ. ವಿಡಿಯೋದಲ್ಲಿ ಮರ ಕಾಣುತ್ತದೆ, ‘ಇವತ್ತು ನೀರು ಹಾಕದಿದ್ದರೆ ಗಿಡ ಒಣಗುತ್ತೆ’ ಅನ್ನುವ ದಿನದ ತಲೆನೋವು ಕಾಣುವುದಿಲ್ಲ. ನಿಮಗೆ ಬೇಕಾಗಿರುವುದು ಆ ತಲೆನೋವು, ಮರಗಳ ಲೆಕ್ಕ ಅಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1970ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅನ್ನುವ ಮನಶ್ಶಾಸ್ತ್ರಜ್ಞೆಯರು ಒಂದು ವೃದ್ಧಾಶ್ರಮದಲ್ಲಿ ಪ್ರಯೋಗ ಮಾಡಿದರು. ಒಂದು ಮಹಡಿಯವರಿಗೆ ತಲಾ ಒಂದು ಗಿಡ ಕೊಟ್ಟು ‘ಇದನ್ನು ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ’ ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ‘ನೀರು ನರ್ಸ್ ಹಾಕುತ್ತಾರೆ, ನೀವು ಚಿಂತೆ ಮಾಡಬೇಡಿ’ ಅಂದರು. ಮೊದಲನೆಯವರಿಗೆ ಸಿನಿಮಾ ಯಾವ ದಿನ ನೋಡಬೇಕು ಅನ್ನುವಂಥ ಚಿಕ್ಕಪುಟ್ಟ ತೀರ್ಮಾನಗಳನ್ನೂ ಬಿಟ್ಟುಕೊಟ್ಟರು. ಕೆಲವೇ ವಾರಗಳಲ್ಲಿ ಅವರು ಹೆಚ್ಚು ಚುರುಕಾಗಿ, ಖುಷಿಯಾಗಿ ಕಂಡರು. ಒಂದೂವರೆ ವರ್ಷ ಬಿಟ್ಟು ನೋಡಿದಾಗ ಆ ಗುಂಪಿನ 47 ಜನರಲ್ಲಿ 7 ಜನ ತೀರಿಕೊಂಡಿದ್ದರು, ಇನ್ನೊಂದು ಗುಂಪಿನ 44ರಲ್ಲಿ 13. ಇದು ಚಿಕ್ಕ ಅಧ್ಯಯನ, ಗಿಡ ಕೊಟ್ಟರೆ ಆಯಸ್ಸು ಬೆಳೆಯುತ್ತೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆ ಎರಡನೇ ಗುಂಪಿನವರಿಗೆ ಹೇಳಿದ ಮಾತು ಕೇಳಿದ ಹಾಗಿದೆ ಅನಿಸಲ್ವಾ? ‘ನೀವು ಆರಾಮಾಗಿರಿ ಅಪ್ಪಾ.’ ಅದನ್ನು ಹೇಳಿದವರೂ ಕೆಟ್ಟವರಲ್ಲ.

ಲೈನ್‌ಮನ್ ಆಗಿದ್ದಾಗ ನಿಮಗೆ ಸಂಬಳ ಅಲ್ಲದೆ ಇನ್ನೂ ಏನೇನು ಸಿಗುತ್ತಿತ್ತು ನೋಡಿ. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಕಂಬದ ಮೇಲೆ ತಂತಿ ಜೋಡಿಸುವ ಜಂಪ್ ಕಟ್ ಆದರೆ ರೈತರು ಫೋನ್ ಮಾಡುತ್ತಿದ್ದರು. ಬೈಯುತ್ತಲೂ ಇದ್ದರು. ನೀವು ಹೋಗುವ ತನಕ ಬೋರ್ ತಿರುಗುವುದಿಲ್ಲ, ಹಿಟ್ಟಿನ ಗಿರಣಿ ನಿಂತಿರುತ್ತದೆ, ಪರೀಕ್ಷೆಗೆ ಓದುವ ಮಕ್ಕಳು ಮೇಣದಬತ್ತಿ ಹಚ್ಚಿಕೊಂಡು ಕೂತಿರುತ್ತಾರೆ. ಅಂದರೆ ಯಾರೋ ನಿಮಗಾಗಿ ಕಾಯುತ್ತಿದ್ದರು. ಕೆಲಸ ದೊಡ್ಡದೋ ಚಿಕ್ಕದೋ ಅನ್ನುವುದಕ್ಕಿಂತ ಈ ಕಾಯುವಿಕೆ ಮುಖ್ಯ. ಹಾಲಿನಲ್ಲೂ ಅದೇ ಇತ್ತು. ನೀವು ಬೂತ್‌ನಿಂದ ಬರುವ ತನಕ ಒಲೆ ಮೇಲೆ ಪಾತ್ರೆ ಏರುತ್ತಿರಲಿಲ್ಲ. ಈಗ ನೀವು ಏಳಿ ಬಿಡಿ, ಮನೆ ಹಾಗೇ ನಡೆಯುತ್ತದೆ.

ಇನ್ನೊಂದು ವಿಷಯ ನೀವು ಪತ್ರದಲ್ಲಿ ಹೇಳಿಲ್ಲ, ನಾನು ಊಹೆ ಮಾಡುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ರಿಟೈರ್ ಆದ ಮೇಲಿನ ಆರು ವರ್ಷ ನೀವು ಊರಲ್ಲಿದ್ದಿರಿ, ಹೆಂಡತಿ ಇದ್ದರು. ‘ಕಾಫಿಪುಡಿ ಮುಗೀತು ನೋಡಿ’, ‘ಆ ಬಲ್ಬು ಮಿಣಮಿಣ ಅಂತಿದೆ’, ‘ತೆಂಗಿನಕಾಯಿ ಕೀಳೋನು ಬಂದನಾ?’ ಅಂತ ದಿನಕ್ಕೆ ಹತ್ತು ಸಲ ಕರೆಯುತ್ತಿದ್ದರು. ಆಗ ಕಿರಿಕಿರಿ ಅನಿಸಿರಬಹುದು. ಆ ಹತ್ತು ಕರೆಗಳೇ ನಿಮ್ಮನ್ನು ನಿಲ್ಲಿಸಿದ್ದವು. ನೀವು ಮಾಡಿದ್ದನ್ನು ನೋಡುವವರು, ಮಾಡದಿದ್ದರೆ ಕೇಳುವವರು ಅವರೇ. ಹೆಂಡತಿ ಹೋದಾಗ ಜೊತೆಗೆ ಆ ಕರೆಗಳೂ ಹೋದವು. ಉಳಿದಿದ್ದು ಹಾಲೊಂದು. ನಿಮ್ಮ ಮಗ ತೆಗೆದಿದ್ದು ಕಡೇ ಕರೆಯನ್ನ, ಅವನಿಗೆ ಗೊತ್ತಿಲ್ಲದೇ.

ಇಲ್ಲಿ ಒಂದು ಮನೆಯ ಕಥೆ ಹೇಳುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದ್ದೇನೆ. 82 ವರ್ಷದ ಅಜ್ಜಿ, ಪಾರ್ಶ್ವವಾಯುವಾಗಿ ಎಡಗೈ ಬಲ ಕಡಿಮೆ. ಅವರದೊಂದೇ ಕೆಲಸ, ಹೂಬತ್ತಿ ಮಾಡುವುದು. ತೊಡೆ ಮೇಲೆ ಒಗೆದ ಬಿಳಿ ಬಟ್ಟೆ, ಪಕ್ಕದಲ್ಲಿ ಬಟ್ಟಲಲ್ಲಿ ಒಂದಿಷ್ಟು ಹಾಲು. ಎಡಗೈ ಬೆರಳಿನಲ್ಲಿ ಹತ್ತಿಯ ಬುಡ ಒತ್ತಿ ಹಿಡಿದು, ಬಲಗೈ ಹೆಬ್ಬೆರಳು ತೋರುಬೆರಳನ್ನು ಹಾಲಿಗೆ ತಾಗಿಸಿ ತುದಿಯನ್ನು ಒಂದೇ ಸಲ ತಿರುಪುತ್ತಿದ್ದರು. ಒಂದು ಬತ್ತಿಗೆ ನಮಗೆ ಬೇಕಾದ್ದಕ್ಕಿಂತ ಮೂರು ಪಟ್ಟು ಹೊತ್ತು. ಹಳೇ ಬಿಸ್ಕತ್ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಮನೆಯ ದೀಪಕ್ಕೆ ಆಗಿ ಮಿಕ್ಕಿದ್ದು ಪಕ್ಕದ ಮೂರು ಮನೆಗೆ. ಮಗಳು ‘ಅಮ್ಮ ಯಾಕೆ ಇಷ್ಟು ಕಷ್ಟಪಡಬೇಕು’ ಅಂತ ಅಂಗಡಿಯಿಂದ ರೆಡಿ ಬತ್ತಿಯ ಪ್ಯಾಕೆಟ್ ತಂದಿಟ್ಟಳು. ಹದಿನೈದು ದಿನದಲ್ಲಿ ಅಜ್ಜಿ ಹಾಸಿಗೆ ಬಿಟ್ಟು ಏಳುವುದು ಕಡಿಮೆಯಾಯಿತು. ಡಾಕ್ಟರು ಪರೀಕ್ಷೆ ಮಾಡಿದರೆ ಹೊಸದೇನೂ ಇಲ್ಲ. ನನ್ನ ಹತ್ತಿರ ಬಂದಾಗ ಅರ್ಧ ಗಂಟೆ ಸುಮ್ಮನೆ ಕೂತಿದ್ದು ಕೊನೆಗೆ ಅಂದಿದ್ದು, ‘ಡಬ್ಬಿ ತುಂಬೇ ಇದೆ ಕಣಮ್ಮ, ಯಾರೂ ಮುಟ್ಟಿಲ್ಲ.’ ಮಗಳು ಆ ಪ್ಯಾಕೆಟ್‌ಗಳನ್ನು ಯಾರಿಗೋ ಕೊಟ್ಟಳು. ಪಕ್ಕದ ಮನೆಯಾಕೆಗೆ ಶುಕ್ರವಾರ ಬಂದು ಬಾಗಿಲು ತಟ್ಟಿ ಕೇಳಿ ತಗೊಂಡು ಹೋಗಲು ಹೇಳಿದೆವು. ಪವಾಡ ಆಗಲಿಲ್ಲ, ಕೈ ಸರಿಹೋಗಲಿಲ್ಲ. ಗುರುವಾರ ಸಂಜೆ ಮಾತ್ರ ಅಜ್ಜಿ ತಾವಾಗಿಯೇ ಎದ್ದು ಕೂರಲು ಶುರು ಮಾಡಿದರು.

ಹಾಗಾಗಿ ನಿಮಗೆ ನನ್ನ ಮೊದಲ ಸಲಹೆ ಸಮಾಜಸೇವೆ ಅಲ್ಲ. ಮನೆಯಲ್ಲಿ ಒಂದು ಕೆಲಸ, ಒಂದೇ ಒಂದು, ಪೂರ್ತಿ ನಿಮ್ಮದಾಗಬೇಕು. ‘ಸಹಾಯ ಮಾಡ್ತೀನಿ’ ಅನ್ನುವುದಲ್ಲ. ಸಹಾಯ ಇಲ್ಲದಿದ್ದರೂ ಕೆಲಸ ನಡೆಯುತ್ತೆ. ನೀವು ಮಾಡದಿದ್ದರೆ ನಿಲ್ಲುವಂಥದ್ದು ಬೇಕು. ಮಗನ ಜೊತೆ ಮಾತಾಡುವಾಗ ‘ನನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ’ ಅಂತ ಶುರು ಮಾಡಿದರೆ ಆ ಹುಡುಗ ಗಾಬರಿಯಾಗಿ ಇನ್ನಷ್ಟು ನೋಡಿಕೊಳ್ಳಲು ಬರುತ್ತಾನೆ, ಕೈಗೊಂದು ಮಸಾಜ್ ಮಿಷನ್ ತಂದುಕೊಡುತ್ತಾನೆ. ಬದಲಿಗೆ ಸೀದಾ ಕೇಳಿ: ‘ನೋಡಪ್ಪ, ಆ ಆ್ಯಪ್‌ನಲ್ಲಿ ಹಾಲು ಒಂದು ತಿಂಗಳು ನಿಲ್ಲಿಸು. ನಾನು ತರ್ತೀನಿ. ನನಗೆ ನಡೆಯೋಕೆ ಒಂದು ನೆಪ ಬೇಕು.’ ನೆಪ ಅನ್ನುವುದು ಪೂರ್ತಿ ನಿಜ ಅಲ್ಲ, ಆದರೆ ಸುಳ್ಳೂ ಅಲ್ಲ. ಸೊಸೆಯ ಅಡುಗೆಮನೆಯಲ್ಲಿ ಅವರು ಮಾಡುತ್ತಿರುವ ಕೆಲಸಕ್ಕೆ ಕೈ ಹಾಕಬೇಡಿ. ತರಕಾರಿ ಹೆಚ್ಚಿಕೊಡೋಕೆ ಹೋಗಿ ‘ಹೀಗಲ್ಲ ಮಾವ’ ಅನಿಸಿಕೊಂಡರೆ ಇಬ್ಬರಿಗೂ ಬೇಸರ. ಯಾರೂ ಮಾಡದೆ ಬಿದ್ದಿರುವ ಕೆಲಸ ಹುಡುಕಿ. ಯಾವ ಮನೆಯಲ್ಲಿ ನೋಡಿದರೂ ಇರುತ್ತದೆ: ಗ್ಯಾಸ್ ಮುಗಿಯುವ ಮುಂಚೆ ಬುಕ್ ಮಾಡುವುದು, ಬಾಲ್ಕನಿ ಗಿಡ, ಕರೆಂಟ್ ಬಿಲ್ ನೋಡಿ ‘ಈ ತಿಂಗಳು ಗೀಸರ್ ಜಾಸ್ತಿ ಓಡಿದೆ’ ಅಂತ ಹೇಳುವುದು. ಈ ಕೊನೆಯದನ್ನು ನಿಮ್ಮಷ್ಟು ಚೆನ್ನಾಗಿ ಹೇಳುವವರು ಆ ಅಪಾರ್ಟ್‌ಮೆಂಟಿನಲ್ಲೇ ಇರಲಿಕ್ಕಿಲ್ಲ.

ಕೆಲಸ ವಿಪರೀತ ಆಗಿಬಿಡುವ ಅಪಾಯವೂ ಇದೆ. ಬೇಕಾದವರಾಗಬೇಕು ಅನ್ನುವ ಆಸೆಗೆ ಬಿದ್ದು ಬೆಳಿಗ್ಗೆ ಏಳರಿಂದ ರಾತ್ರಿ ಎಂಟರ ತನಕ ಇಬ್ಬರು ಮೊಮ್ಮಕ್ಕಳನ್ನು ಹಿಡಿಯುತ್ತಾ ಮಂಡಿ ಸವೆಸಿಕೊಂಡ ಅಜ್ಜಿಯರನ್ನು ನೋಡಿದ್ದೇನೆ. ‘ಆಗಲ್ಲ’ ಅಂದರೆ ಎಲ್ಲಿ ಬೇಡವಾಗುತ್ತೀನೋ ಅನ್ನುವ ಭಯ ಅವರದು. ಶರಣರ ಕಥೆಯಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬಾ ಅಂತ ಕಳಿಸುತ್ತಾಳಲ್ಲ, ಆ ಲಕ್ಕಮ್ಮನಂಥವರು ಒಬ್ಬರು ಪ್ರತಿ ಮನೆಯಲ್ಲೂ ಇರಬೇಕು ಅಂತ ನನಗೆ ಎಷ್ಟೋ ಸಲ ಅನಿಸುತ್ತದೆ. ನಿಮ್ಮ ಮನೆಯಲ್ಲಿ ಈಗ ಆ ಜಾಗ ಖಾಲಿ ಇದೆ. ನಿಮ್ಮ ಲೆಕ್ಕ ನೀವೇ ಇಟ್ಟುಕೊಳ್ಳಬೇಕು.

ಎರಡನೇ ದಾರಿ ನಿಮ್ಮ ಕಸುಬು. 34 ವರ್ಷ ಕರೆಂಟಿನ ಜೊತೆ ಬದುಕಿ ಬಂದವರು ನೀವು, ಅದು ಸಣ್ಣ ವಿದ್ಯೆ ಅಲ್ಲ. ಮೊಮ್ಮಗಳಿಗೆ ಒಂದು ಬ್ಯಾಟರಿ, ಒಂದು ಟಾರ್ಚ್ ಬಲ್ಬು, ಎರಡು ತುಂಡು ವೈರ್ ಕೊಟ್ಟು ಭಾನುವಾರ ಅರ್ಧ ಗಂಟೆ ಕೂರಿಸಿಕೊಳ್ಳಿ. ಟ್ಯೂಷನ್, ಡ್ಯಾನ್ಸ್ ಮಧ್ಯೆ ಅಷ್ಟು ಜಾಗ ಸಿಗುತ್ತದೆ. ಅಪಾರ್ಟ್‌ಮೆಂಟಿಗೆ ಬರುವ ಎಲೆಕ್ಟ್ರಿಷಿಯನ್ ಹುಡುಗರ ಜೊತೆ ಮಾತಿಗೆ ಕೂತರೆ, ಲೈನ್ ಕ್ಲಿಯರ್ ಇಲ್ಲದೆ ಕೈ ಹಾಕಿ ಯಾರು ಯಾರು ಹೋದರು ಅನ್ನುವ ನಿಮ್ಮ ಕಥೆಗಳು ಅವರ ಜೀವ ಉಳಿಸಿದರೂ ಉಳಿಸಬಹುದು. ಆದರೆ ಒಂದು ಗೆರೆ ಹಾಕಿಕೊಳ್ಳಿ: ಬಾಯಿ ನಿಮ್ಮದು, ಕೈ ಅವರದು. ಸ್ಟೂಲ್ ಹತ್ತುವುದು, ಡಿಬಿ ಅಂದರೆ ಮನೆಯ ಕರೆಂಟ್ ಹಂಚುವ ಪೆಟ್ಟಿಗೆ ಬಿಚ್ಚುವುದು ಬೇಡ. ನಿಮಗೆ ಬರುವುದಿಲ್ಲ ಅಂತಲ್ಲ. ಬಿಪಿ ಮಾತ್ರೆ ತಗೊಳ್ಳುವವರಿಗೆ ತಲೆ ಎತ್ತಿದಾಗ, ಥಟ್ಟನೆ ಎದ್ದಾಗ ತಲೆ ಸುತ್ತು ಬರುವುದುಂಟು, ಕೆಳಗೆ ಟೈಲ್ಸ್ ನೆಲ. ಈ ಒಂದು ವಿಷಯದಲ್ಲಿ ಮಗ ತಡೆದರೆ ನಾನು ಅವನ ಕಡೆಗೇ.

ಹೊರಗೆ ಹೋಗಿ ಏನಾದರೂ ಮಾಡುವುದು ಮೂರನೆಯದು. ಹತ್ತಿರದ ಸರ್ಕಾರಿ ಶಾಲೆ, ಲೈಬ್ರರಿ, ದೇವಸ್ಥಾನದ ಅನ್ನದಾಸೋಹ, ಯಾವುದಾದರೂ ಸರಿ. ಅಮೆರಿಕದಲ್ಲಿ ಎಕ್ಸ್‌ಪೀರಿಯೆನ್ಸ್ ಕೋರ್ ಅಂತ ಒಂದು ಕಾರ್ಯಕ್ರಮ ನಡೆಸಿದರು, ಹಿರಿಯರು ವಾರಕ್ಕೆ ಹದಿನೈದು ಗಂಟೆಯಷ್ಟು ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಓದಿಸುತ್ತಿದ್ದರು, ಅವರ ನಡಿಗೆ, ಓಡಾಟ ಹೆಚ್ಚಾಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಹದಿನೈದು ಗಂಟೆ ನಿಮಗೆ ಈಗ ಬೇಡ. ವಾರಕ್ಕೆ ಎರಡು ದಿನ, ಒಂದು ಗಂಟೆ ಸಾಕು. ‘ಮೂರು ತಿಂಗಳು ಬರ್ತೀನಿ, ಆಮೇಲೆ ನೋಡೋಣ’ ಅಂತ ಮೊದಲೇ ಹೇಳಿ. ದುಡ್ಡು ಕೇಳುವವರಿಂದ ದೂರ ಇರಿ. ಪೆನ್ಷನ್ ಬರುವ ಒಂಟಿ ಹಿರಿಯರ ವಾಸನೆ ಹಿಡಿಯುವ ಜನ ಇದ್ದಾರೆ. ಯಾರಾದರೂ ಹಾಗೆ ಸತಾಯಿಸಿದರೆ ಅಥವಾ ಸುಮ್ನೆ ಯಾರ ಹತ್ತಿರವಾದರೂ ವಿಚಾರಿಸಬೇಕು ಅನಿಸಿದರೆ ಹಿರಿಯ ನಾಗರಿಕರ ಸಹಾಯವಾಣಿ 14567.

ಶುರು ಮಾಡಿದ್ದನ್ನು ಥಟ್ಟನೆ ನಿಲ್ಲಿಸುವುದೂ ಕಷ್ಟವೇ. ರಿಚರ್ಡ್ ಶುಲ್ಜ್ ಅನ್ನುವವರು 1976ರ ಸುಮಾರಿನಲ್ಲಿ ವೃದ್ಧಾಶ್ರಮದವರನ್ನು ಭೇಟಿಯಾಗಲು ಕಾಲೇಜು ಹುಡುಗರನ್ನು ಕಳಿಸಿದ್ದರು. ಹುಡುಗರು ಯಾವಾಗ ಬರುತ್ತಾರೆ ಅಂತ ಗೊತ್ತಿದ್ದ, ಅಥವಾ ಅದನ್ನು ತಾವೇ ತೀರ್ಮಾನಿಸುತ್ತಿದ್ದ ಹಿರಿಯರು ಚೆನ್ನಾಗಿ ಚೇತರಿಸಿಕೊಂಡರು. ಅಧ್ಯಯನ ಮುಗಿಯಿತು, ಹುಡುಗರು ಹೋದರು. ಆಮೇಲೆ ಹೋಗಿ ನೋಡಿದರೆ ಹಾಗೆ ಚೇತರಿಸಿಕೊಂಡವರೇ ಹೆಚ್ಚು ಕುಸಿದಿದ್ದರು. ನಿಮಗೆ ಹಾಲಿನಲ್ಲಿ ಆಗಿದ್ದೂ ಇದೇ. ಅದಕ್ಕೆ ನಿಮ್ಮ ಮಗನಿಗೂ ಈ ಮಾತು ಓದಿಸಿ. ಅಪ್ಪನಿಗೆ ಕೊಟ್ಟ ಕೆಲಸವನ್ನು ಅನುಕೂಲಕ್ಕೆ ಅಂತ ತೆಗೆಯುವ ಮುಂಚೆ ಒಂದು ಮಾತು ಕೇಳಬೇಕು. ಮುಂದೆ ನಿಜವಾಗಿಯೂ ಆಗದ ದಿನ ಬರುತ್ತದೆ. ಆಗಲೂ ಒಂದೇ ಸಲ ಕಿತ್ತುಕೊಳ್ಳುವುದಲ್ಲ, ಕೆಲಸವನ್ನು ಚಿಕ್ಕದು ಮಾಡಿಕೊಳ್ಳುವುದು. ತರೋಕೆ ಆಗದಿದ್ದರೆ ಲೆಕ್ಕ ಬರೆಯುವುದು, ಅದೂ ಆಗದಿದ್ದರೆ ‘ಇವತ್ತು ಎಷ್ಟು ಪ್ಯಾಕೆಟ್ ಹೇಳಲಿ ಅಪ್ಪಾ?’ ಅಂತ ಅವರು ಕೇಳುವುದು, ನೀವು ಹೇಳುವುದು.

ಊರಿನ ಮನೆಯ ಬಗ್ಗೆ ನೀವು ಏನೂ ಬರೆದಿಲ್ಲ. ಬಾಗಿಲು ಹಾಕಿದ್ದರೆ ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಹೋಗಿ ಬನ್ನಿ. ಅಲ್ಲಿ ಈಗಲೂ ನಿಮ್ಮನ್ನು ಲೈನ್‌ಮನ್ ಅಂತಲೇ ಕರೆಯುತ್ತಾರೆ. ಒಬ್ಬರೇ ಕಾಯಂ ಆಗಿ ಹೋಗಿ ಇರುವ ತೀರ್ಮಾನ ಮಾತ್ರ ಈಗಲೇ ಮಾಡಬೇಡಿ. ಊಟ ಸೇರದ ಸ್ಥಿತಿಯಲ್ಲಿ ಒಂಟಿ ಮನೆ ಒಳ್ಳೆಯದಲ್ಲ. ಹೋದ ಮೊದಲ ರಾತ್ರಿ ಹೆಂಡತಿ ಇಲ್ಲದ ಅಡುಗೆಮನೆ ನೋಡಿ ಕಷ್ಟವಾಗುತ್ತೆ, ಮೊದಲ ಸಲ ಮಗನನ್ನೂ ಕರೆದುಕೊಂಡು ಹೋಗಿ.

ಸದ್ಯಕ್ಕೆ ಈ ವಾರ ಡಾಕ್ಟರು, ಮುಂದಿನ ವಾರ ಹಾಲು, ಇಷ್ಟೇ ಮಾಡಿ. ಒಂದು ತಿಂಗಳಾದ ಮೇಲೆ ನಿದ್ದೆ, ಊಟ ಹೇಗಿದೆ ಅಂತ ಬರೆಯಿರಿ. ಹಾಂ, ಲಿಫ್ಟ್ ಕೆಟ್ಟ ದಿನ ಹನ್ನೊಂದು ಮಹಡಿ ಇಳಿದು ಹತ್ತಿ ಹಾಲು ತರುವ ಸಾಹಸ ಬೇಡ. ಅವತ್ತೊಂದು ದಿನ ಮನೆಯವರೆಲ್ಲ ಬರೀ ಡಿಕಾಕ್ಷನ್ ಕುಡಿಯಲಿ, ಹಾಲಿಲ್ಲ ಅಂತ ಗೊತ್ತಾಗಲಿ.